ಒಂಟಿಕೊಂಬಿನ ಮುದ್ರೆಗೂ ಜಲ್ಲಿಕಟ್ಟಿಗೂ ನಂಟು ಇದೆಯಾ?

ಸಿಂಧೂ ನಾಗರಿಕತೆಯ ಒಂಟಿಕೊಂಬಿನ ಮುದ್ರೆಯನ್ನು ಜಲ್ಲಿಕಟ್ಟಿನ ಗೂಳಿ ಅಂತ ಪೋಸ್ಟರಿಗೆ ಹಾಕಬಹುದಾ ಅಂತ ಕೇಳಿದ್ದೀರಿ. ಎರಡು ಬೇರೆ ಬೇರೆ ಮುದ್ರೆಗಳು ಕಲಸಿಹೋಗಿವೆ ಅನ್ಸುತ್ತೆ. ಮಾಟ್ಟು ಪೊಂಗಲ್ (ತಮಿಳರ ದನಗಳ ಹಬ್ಬ) ಪೋಸ್ಟರಿಗೆ ನೀವು ಹಾಕಬೇಕೆಂದಿರುವ ಮೊಹೆಂಜೊದಾರೊದ ಒಂಟಿಕೊಂಬಿನ ಪ್ರಾಣಿ ಜಲ್ಲಿಕಟ್ಟಿನ ಗೂಳಿ ಅಲ್ಲ. ಮೊದಲು ಬೆನ್ನು ನೋಡಿ. ಇದಕ್ಕೆ ಹಿಣಿಲೇ (ಹೆಗಲ ಮೇಲಿನ ಡುಬ್ಬ) ಇಲ್ಲ, ಮೂತಿಯ ಮುಂದೆ ಕಂಬದ ಮೇಲೆ ಬಟ್ಟಲು ಇಟ್ಟಂಥ ವಸ್ತು ಇರುತ್ತದೆ. ಜಲ್ಲಿಕಟ್ಟಿನಲ್ಲಿ ಅಪ್ಪಿ ಹಿಡಿಯುವುದೇ ಹಿಣಿಲನ್ನು, ಅಲ್ವಾ? ಹಾಗಾಗಿ ದೊಡ್ಡ ಹಿಣಿಲು, ಕತ್ತಿನ ಕೆಳಗೆ ಜೋತುಬಿದ್ದ ಗಂಗೆದೊಗಲು ಇರುವ ಗೂಳಿಯ ಮುದ್ರೆ ಹುಡುಕಿ. ಆಮೇಲೆ ಅದರ ಕೆಳಗೆ ‘ಜಲ್ಲಿಕಟ್ಟಿನ ಮೂಲ’ ಅಂತ ಸುಮ್ನೆ ಬರೆದುಬಿಡಬೇಡಿ. ಮುದ್ರೆಗಳ ಮೇಲಿನ ಸಿಂಧೂ ಲಿಪಿಯನ್ನು ಇನ್ನೂ ಯಾರೂ ಖಚಿತವಾಗಿ ಓದಿಲ್ಲ, ಆ ನಂಟು ಊಹೆಯೇ. ಗಟ್ಟಿ ಆಧಾರ ಬೇಕಿದ್ದರೆ ಹಳೆಯ ತಮಿಳಿನ ‘ಕಲಿತ್ತೊಗೈ’ ಎಂಬ ಕವನ ಸಂಕಲನ ಇದೆ. ಅದರ ಮುಲ್ಲೈ (ಕಾಡು, ದನಗಾಹಿಗಳ ಬದುಕಿನ) ಭಾಗದಲ್ಲಿ ದನಗಾಹಿ ಹುಡುಗರು ಗೂಳಿ ಅಪ್ಪುವ ಆಟವೇ ಬರುತ್ತದೆ. ಅದರ ಎರಡು ಸಾಲು ಹಾಕಿ.