ಕಾರಿನ ನೆತ್ತಿಯ ಮೇಲೆ ನಲವತ್ತೊಂಬತ್ತು ಸೆಂಟಿಮೀಟರ್

ಪ್ರಶ್ನೆ: ನಾನು ವಿಜಯಪುರದವನು. ಹೋದ ವರ್ಷ ಹ್ಯಾಮ್ ರೇಡಿಯೊ (ಹವ್ಯಾಸಿ ರೇಡಿಯೊ) ಪರವಾನಗಿ ಸಿಕ್ಕಿದೆ. ಕೆಲಸದ ನಿಮಿತ್ತ ಬಾಗಲಕೋಟೆ, ಜಮಖಂಡಿ, ಮುಧೋಳ ಕಡೆ ಕಾರಿನಲ್ಲಿ ಓಡಾಡುತ್ತಿರುತ್ತೇನೆ. ಹಲವು ತರಂಗ ಪಟ್ಟಿಗಳನ್ನು ತಡಕಿ ಕೇಳಿಸುವ ಬಹು ಬ್ಯಾಂಡ್ ಸ್ಕ್ಯಾನರ್ ಜೊತೆಗಿರುತ್ತದೆ. ಅದರ ಗಿಡ್ಡ ರಬ್ಬರ್ ಆಂಟೆನಾ ಕಾರಿನೊಳಗೆ ಏನನ್ನೂ ಸರಿಯಾಗಿ ಹಿಡಿಯುವುದಿಲ್ಲ. ‘25ರಿಂದ 1300 ಮೆಗಾಹರ್ಟ್ಸ್, ಆಂಪ್ಲಿಫೈಯರ್ ಸಹಿತ’ ಎಂದು ಬರೆದಿರುವ ಒಂದು ಆಂಟೆನಾವನ್ನು ಆನ್‌ಲೈನ್‌ನಲ್ಲಿ ನೋಡಿದ್ದೇನೆ. ಕೊಳ್ಳಬಹುದೇ? ಕಾರಿಗೆ ತೂತು ಕೊರೆಸಲು ಮನಸ್ಸಿಲ್ಲ.

ಉತ್ತರ: ಕೊಳ್ಳಬೇಡಿ. ಎಲ್ಲ ತರಂಗಗಳನ್ನೂ ಅಷ್ಟಿಷ್ಟು ಹಿಡಿಯುವ ಗುಣ ಯಾವ ತಂತಿಗಾದರೂ ಇರುತ್ತದೆ, ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿಗೂ ಇರುತ್ತದೆ. ಡಬ್ಬಿಯ ಮೇಲೆ 25ರಿಂದ 1300 ಎಂದು ಅಚ್ಚು ಹಾಕಲು ಅಷ್ಟು ಧೈರ್ಯ ಸಾಕು. ಆಂಪ್ಲಿಫೈಯರ್ ಇನ್ನೂ ತೊಂದರೆಯ ಮಾತು. ಊರೊಳಗೆ ಎಫ್‌ಎಂ ಗೋಪುರ, ಮೊಬೈಲ್ ಟವರ್‌ಗಳ ಬಳಿ ಹಾದುಹೋಗುವಾಗ ಅದು ಬೇಡದ ಸದ್ದನ್ನೂ ಹಿಗ್ಗಿಸಿ ಸ್ಕ್ಯಾನರ್‌ನ ಕಿವಿ ಕಟ್ಟಿಸುತ್ತದೆ. ಆಗ ನಿಮಗೆ ಬೇಕಾದ ಮೆಲುದನಿ ಅದರಡಿ ಹೂತುಹೋಗುತ್ತದೆ.

ನಿಮಗೆ ನಾನು ಹೇಳುವುದು ಒಂದು ಸಾದಾ ಕಡ್ಡಿ. ಅಯಸ್ಕಾಂತದ ಬುಡ, ಅದರ ಮೇಲೆ 49 ಸೆಂಟಿಮೀಟರ್ ಉದ್ದದ ಉಕ್ಕಿನ ಕಡ್ಡಿ, ಅಷ್ಟೇ. ಉದ್ದದ ಲೆಕ್ಕ ಹೀಗೆ: 7125ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಕಾಲು ತರಂಗದ, ಅಂದರೆ ಒಂದು ತರಂಗದ ಉದ್ದದ ಸುಮಾರು ನಾಲ್ಕನೇ ಒಂದು ಭಾಗದ, ಕಡ್ಡಿ ಎಷ್ಟು ಸೆಂಟಿಮೀಟರ್ ಇರಬೇಕೆಂದು ಸಿಗುತ್ತದೆ. ನಮ್ಮ ದೇಶದ ಹ್ಯಾಮ್‌ಗಳಿಗೆ ಕೊಟ್ಟಿರುವ 144–146 ಮೆಗಾಹರ್ಟ್ಸ್‌ನ ನಡುವಿನ 145ಕ್ಕೆ ಬರುವುದು 49. ಇದರಲ್ಲೊಂದು ಲಾಭವಿದೆ. ಇನ್ನೊಂದು ಹ್ಯಾಮ್ ಪಟ್ಟಿಯಾದ 434–438 ಇದರ ಸುಮಾರು ಮೂರು ಪಟ್ಟು. ಹಾಗಾಗಿ ಅದೇ ಕಡ್ಡಿ ಅಲ್ಲಿ ಮುಕ್ಕಾಲು ತರಂಗವಾಗಿ ಕೆಲಸ ಮಾಡುತ್ತದೆ. ಅಲ್ಲಿ ಅದರ ನೋಟ ದಿಗಂತಕ್ಕಿಂತ ತುಸು ಮೇಲಕ್ಕೆ ಏರಿರುತ್ತದೆ, ಆದರೂ ಕೇಳಲು ಅಡ್ಡಿಯಿಲ್ಲ. ನೀವು ಬರೀ ಕೇಳುವವರಾದರೆ ಉದ್ದ ಒಂದೆರಡು ಸೆಂಟಿಮೀಟರ್ ಆಚೀಚೆ ಆದರೂ ಚಿಂತೆ ಬೇಡ. ಅಳತೆ ಬಿಗಿಯಾಗಬೇಕಾದದ್ದು ಪ್ರಸಾರ ಮಾಡುವವರಿಗೆ.

ಮೀಡಿಯಂ ವೇವ್‌ನಂಥ ಕೆಳಗಿನ ತರಂಗ ಪಟ್ಟಿಗಳ ಆಸೆಯನ್ನು ಮಾತ್ರ ಬಿಡಿ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್‌ಗೆ ಕಾಲು ತರಂಗವೆಂದರೆ ಹತ್ತಿರ ಹತ್ತಿರ ನೂರು ಮೀಟರ್. ಅದಕ್ಕೆ ಕಾರಿನ ಸ್ವಂತ ರೇಡಿಯೊ ಇದೆಯಲ್ಲ.

ಆಂಟೆನಾಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಅದನ್ನು ಇಡುವ ಜಾಗಕ್ಕೆ. ಕಾಲು ತರಂಗದ ಕಡ್ಡಿ ಅರ್ಧ ಆಂಟೆನಾ ಮಾತ್ರ, ಉಳಿದರ್ಧ ಅದರ ಕೆಳಗಿನ ಲೋಹದ ಹಾಳೆ. ಛಾವಣಿಯ ನಟ್ಟನಡುವೆ ಇಟ್ಟರೆ ಸಣ್ಣ ಕಾರಿನಲ್ಲೂ ಸುತ್ತ ಅರ್ಧ ಮೀಟರ್ ಲೋಹ ಸಿಗುತ್ತದೆ, 145ಕ್ಕೆ ಅದು ಸಾಕು. ಡಿಕ್ಕಿಯ ಅಂಚಿಗೆ ಅಂಟಿಸಿದರೆ ಲೋಹ ಹೆಚ್ಚಿರುವ ಮುಂದಿನ ದಿಕ್ಕಿಗೆ ಚೆನ್ನಾಗಿ ಕೇಳಿ, ಹಿಂದಿನ ದಿಕ್ಕಿಗೆ ಮಂಕಾಗುತ್ತದೆ. ಬಣ್ಣ ಹೋದೀತೆಂದು ಬುಡದ ಕೆಳಗೆ ದಪ್ಪ ಬಟ್ಟೆ ಹಾಸುವವರಿದ್ದಾರೆ. ಹಾಗೆ ಮಾಡಬೇಡಿ, ಕಡ್ಡಿಗೂ ಛಾವಣಿಗೂ ಇರುವ ನಂಟು ಸಡಿಲವಾಗುತ್ತದೆ. ವಾರಕ್ಕೊಮ್ಮೆ ಬುಡವನ್ನು ಎತ್ತಿ ಒರೆಸಿದರೆ ಸಾಕು. ನಮ್ಮ ಕಡೆಯ ಧೂಳಿನಲ್ಲಿ ಕಬ್ಬಿಣದ ಕಣಗಳಿರುತ್ತವೆ. ಅವು ಅಯಸ್ಕಾಂತಕ್ಕೆ ಮೀಸೆಯಂತೆ ಅಂಟಿಕೊಳ್ಳುತ್ತವೆ, ಬಣ್ಣ ಕೆರೆಯುವುದು ಅವೇ.

ಆಮೇಲೆ ಕೇಬಲ್. ಅಗ್ಗದ ಆಂಟೆನಾಗಳ ಜೊತೆ ಬರುವುದು ಜೋಳದ ದಂಟಿನ ಸಿಬಿರಿನಷ್ಟು ತೆಳ್ಳಗಿನ ಆರ್‌ಜಿ-174. ಐದು ಮೀಟರ್ ಎಳೆದರೆ 435 ಮೆಗಾಹರ್ಟ್ಸ್‌ನಲ್ಲಿ ಸಂಕೇತದ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತದೆ. ಅದಕ್ಕಿಂತ ದಪ್ಪನೆಯ ಆರ್‌ಜಿ-58 ಕೇಬಲಿನಲ್ಲಿ ಸೋರುವುದು ಸಂಕೇತದ ಮೂರನೇ ಒಂದು ಭಾಗದಷ್ಟು. ಬೇಕಾದಷ್ಟು ಉದ್ದಕ್ಕೆ ಕತ್ತರಿಸಿಕೊಳ್ಳಿ, ಉಳಿದದ್ದನ್ನು ಸೀಟಿನಡಿ ಸುತ್ತಿಡಬೇಡಿ. ಕೇಬಲ್ ಹಿಂದಿನ ಬಾಗಿಲಿನ ಮೇಲಂಚಿನ ರಬ್ಬರಿನಿಂದ ಒಳಗೆ ಬರಲಿ. ದಿನಕ್ಕೆ ಇಪ್ಪತ್ತು ಸಲ ತೆರೆಯುವ ಚಾಲಕನ ಬಾಗಿಲು ಬೇಡ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಒಂದು ಮಳೆಗಾಲವಿಡೀ ನನ್ನ ಸ್ಕ್ಯಾನರ್ ಕೆಟ್ಟಿದೆ ಎಂದೇ ನಂಬಿದ್ದೆ. ಕೊನೆಗೆ ಕೇಬಲ್ ಸೀಳಿ ನೋಡಿದರೆ ಬಾಗಿಲು ಜಜ್ಜಿದ ಕಡೆ ನೀರು ನುಗ್ಗಿ, ಒಳಗಿನ ತಾಮ್ರದ ಜಾಲರಿ ಹಿತ್ತಾಳೆ ಪಾತ್ರೆಗೆ ಕಿಲುಬು ಹಿಡಿದಂತೆ ಹಸಿರಾಗಿತ್ತು. ಒಳಗೆ ಹೋಗುವ ಮುನ್ನ ಕೇಬಲನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ ಮೇಲಕ್ಕೆತ್ತಿದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

‘ಗೇನ್ ಆಂಟೆನಾ, ಅಂದರೆ ದಿಗಂತದ ಕಡೆಗೆ ಹೆಚ್ಚು ಕಿವಿಗೊಡುವ ಉದ್ದದ ಕಡ್ಡಿ, ಹಾಕಿದರೆ ಇನ್ನೂ ದೂರ ಕೇಳುವುದಿಲ್ಲವೇ’ ಎಂದು ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ವಿಜಯಪುರದ ಬಯಲಿನಲ್ಲಿ ಸ್ವಲ್ಪ ಕೇಳುತ್ತದೆ, ಸುಳ್ಳಲ್ಲ. ಆದರೆ ಅಂಥ ಐದೆಂಟಾಂಶ (5/8) ತರಂಗದ ಕಡ್ಡಿ 145ಕ್ಕೆ ಸುಮಾರು ಒಂದೂಕಾಲು ಮೀಟರ್ ಎತ್ತರ. ರಸ್ತೆಗೆ ಬಾಗಿದ ಬೇವಿನ ಕೊಂಬೆಗಳಿವೆ, ಚಳಿಗಾಲದಲ್ಲಿ ಜಮಖಂಡಿಯ ದಾರಿಯ ತುಂಬ ಅಗಲಕ್ಕೆ ಚಾಚಿದ ಕಬ್ಬಿನ ಟ್ರ್ಯಾಕ್ಟರ್‌ಗಳಿವೆ. ಎಷ್ಟು ದಿನ ನೆಟ್ಟಗೆ ನಿಂತೀತು? ದೂರವನ್ನು ನಿರ್ಧರಿಸುವುದು ಮುಖ್ಯವಾಗಿ ಎತ್ತರ. ಒಂದೂವರೆ ಮೀಟರ್ ಎತ್ತರದ ನಿಮ್ಮ ಕಾರಿಗೆ, 30 ಮೀಟರ್ ಗೋಪುರದ ಮೇಲಿನ ಆಂಟೆನಾ ಬಯಲಿನಲ್ಲಿ ಕಾಣಿಸುವುದು ಅಂದಾಜು 27 ಕಿಲೋಮೀಟರ್‌ವರೆಗೆ. ಅಲ್ಲಿಂದಾಚೆ ಏನಿದ್ದರೂ ಅದೃಷ್ಟ.

ಸಾದಾ ಕಡ್ಡಿಯ ಸುಖ ತಿಳಿಯಬೇಕೆಂದರೆ ಒಂದು ಸಂಜೆ ಜೋಳದ ಹೊಲದ ಪಕ್ಕ ಕಾರು ನಿಲ್ಲಿಸಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಹಾದುಹೋಗುವ ಹೊತ್ತಿಗೆ 145.825 ಮೆಗಾಹರ್ಟ್ಸ್ ಕೇಳಿ. ನಿಲ್ದಾಣದಲ್ಲಿರುವ ಹ್ಯಾಮ್ ಉಪಕರಣ ಚಾಲೂ ಇದ್ದರೆ ಡಿಜಿಟಲ್ ಸಂದೇಶಗಳ ಚರ್‌ಚರ್ ಸದ್ದು ಬರುತ್ತದೆ. ಗಗನಯಾತ್ರಿಗಳು ಶಾಲಾ ಮಕ್ಕಳೊಡನೆ ಮಾತಾಡುವುದು 145.800ರಲ್ಲಿ. ನಿಲ್ದಾಣ ಒಮ್ಮೆ ಹಾದುಹೋಗುವಾಗ ಕೇಳುವುದು ಹೆಚ್ಚೆಂದರೆ ಹತ್ತು ನಿಮಿಷ.

ನೀವು ಕೇಳದಿದ್ದರೂ ಹೇಳಬೇಕಾದದ್ದು: ಪೊಲೀಸ್, ವಿಮಾನ ಮತ್ತಿತರರ ಸಂದೇಶಗಳನ್ನು ಕದ್ದು ಕೇಳುವುದು ನಮ್ಮಲ್ಲಿ ಅಪರಾಧ. ಸ್ಕ್ಯಾನರ್ ಅಲ್ಲಿಯವರೆಗೆ ತಿರುಗುತ್ತದೆ ಎಂಬುದು ಅನುಮತಿಯಲ್ಲ. ಪರವಾನಗಿಯ ಪ್ರತಿ ಕಾರಿನಲ್ಲಿರಲಿ. ಕಡ್ಡಿ ಕಂಡ ಕಡೆಯಲ್ಲೆಲ್ಲ ಪ್ರಶ್ನೆ ಬರುತ್ತದೆ. ನನ್ನನ್ನು ಒಂದು ಟೋಲ್ ಗೇಟಿನಲ್ಲಿ ‘ನೀವು ಯಾವ ಟಿವಿಯವರು ಸರ್?’ ಎಂದು ಕೇಳಿದ್ದರು.

ಪ್ರಶ್ನೆ: ಬೆಳಗಾವಿಯಿಂದ ಬರೆಯುತ್ತಿದ್ದೇನೆ. ನನ್ನದು ಕ್ಯಾನ್ವಾಸ್ ಹುಡ್‌ನ ಹಳೆಯ ಜೀಪು, ಅಯಸ್ಕಾಂತ ಎಲ್ಲಿಡಲಿ? ಎಂಜಿನ್ ಚಾಲೂ ಆದೊಡನೆ ಸ್ಕ್ಯಾನರ್ ಗೊರಗೊರ ಎನ್ನುತ್ತದೆ, ಅದಕ್ಕೇನು ಮಾಡಲಿ?

ಉತ್ತರ: ಬಾನೆಟ್ ಉಕ್ಕಿನದಾದರೆ ಅದರ ನಡುವೆ ಇಟ್ಟು ನೋಡಿ. ಕಾಣಲು ಅಡ್ಡವಾದರೆ, ಉದ್ಯಮಬಾಗ್‌ನಲ್ಲಿ ಶೀಟ್ ಕೆಲಸದವರಿಂದ ಬಾನೆಟ್ ಪಕ್ಕಕ್ಕೆ ಬೋಲ್ಟ್ ಹಾಕುವ ಒಂದು ಎಲ್ ಪಟ್ಟಿ ಮಾಡಿಸಿ, ಅರ್ಧ ತರಂಗದ ಆಂಟೆನಾ ನಿಲ್ಲಿಸಿ. ಅದಕ್ಕೆ ಕೆಳಗೆ ಲೋಹದ ಹಾಸು ಬೇಕಿಲ್ಲ. 145ಕ್ಕೆ ಒಂದು ಮೀಟರ್ ಬರುತ್ತದೆ, ಖಾನಾಪುರದ ಕಾಡುದಾರಿಯಲ್ಲಿ ಮಾತ್ರ ಬಗ್ಗುವ ಕಡ್ಡಿ ಇರಲಿ.

ಸದ್ದಿಗೆ ಎಂಜಿನ್ನನ್ನೇ ದೂರುವ ಮೊದಲು ಮೊಬೈಲ್ ಚಾರ್ಜರ್ ಕಿತ್ತು ನೋಡಿ. ಹತ್ತರಲ್ಲಿ ಆರೇಳು ಜೀಪುಗಳ ಗೊರಗೊರ ಅಲ್ಲೇ ನಿಂತದ್ದನ್ನು ಕಂಡಿದ್ದೇನೆ. ಆಮೇಲೂ ಉಳಿದರೆ ಎಲ್‌ಇಡಿ ದೀಪ ಆರಿಸಿ. ಎಂಜಿನ್ ವೇಗ ಹೆಚ್ಚಿಸಿದಂತೆ ಸದ್ದಿನ ಶ್ರುತಿಯೂ ಏರಿ ಶಿಳ್ಳೆಯಂತೆ ಕೇಳಿದರೆ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್. ಆಗ ಸ್ಕ್ಯಾನರ್‌ಗೆ ಕರೆಂಟನ್ನು ಸಿಗರೇಟ್ ಲೈಟರ್ ಸಾಕೆಟ್‌ನಿಂದ ಕೊಡದೆ ಬ್ಯಾಟರಿಯಿಂದಲೇ ನೇರ ಎಳೆಯಿರಿ, ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್ ಇರಲಿ.