ಹಳೇ ಮನೆಯ ಬಚ್ಚಲು: ನಲ್ಲಿ ಬದಲಾಯಿಸಿದರೆ ಸಾಕಾ, ಗೋಡೆ ಒಡೆಯಲೇಬೇಕಾ?

ನಿಮ್ಮ ಪ್ರಶ್ನೆ ಇಷ್ಟು: 1986ರಲ್ಲಿ ಅಪ್ಪ ಕಟ್ಟಿಸಿದ ಮನೆ. ಬಚ್ಚಲಲ್ಲಿ ನೀರು ದಾರದಷ್ಟು ಸಣ್ಣಗೆ ಬರುತ್ತದೆ. ಬೆಳಿಗ್ಗೆ ಮೊದಲ ಚೊಂಬು ನೀರು ಕೆಂಪಗಿರುತ್ತದೆ. ಹೊಸ ನಲ್ಲಿ, ಹೊಸ ಶವರ್ ಹಾಕಿಸಿದರೆ ಸರಿಹೋಗುತ್ತದಾ, ಇಲ್ಲ ಗೋಡೆ ಒಡೆಯಲೇಬೇಕಾ?

ನೀರು ಕೆಂಪಗೆ ಬರುತ್ತಿದೆ ಅಂದಮೇಲೆ ಒಡೆಯುವುದೇ ಸರಿ ಅನ್ನಿಸುತ್ತದೆ. ನಾನು ಪ್ಲಂಬರ್ ಅಲ್ಲ. ನಲ್ಲಿ ಮಾತ್ರ ಬದಲಾಯಿಸಿ ಒಂದು ಸಲ ಪೆಟ್ಟು ತಿಂದವನು, ಅಷ್ಟೇ.

ನಮ್ಮದು ಮೈಸೂರಿನಲ್ಲಿ, ನಿಮ್ಮದಕ್ಕಿಂತ ನಾಲ್ಕೈದು ವರ್ಷ ಹಳೇ ಮನೆ. ಮೊದಲು ಬಚ್ಚಲಲ್ಲಿ ಹಂಡೆ, ಒಲೆ ಇತ್ತು. ಆಮೇಲೆ ಒಲೆ ತೆಗೆಸಿ ಗೀಸರ್ ಹಾಕಿಸಿದೆವು, ಗೋಡೆಗೆ ಟೈಲ್ಸ್ ಬಂತು. ಒಳಗಿನ ಪೈಪು ಮಾತ್ರ ಅದೇ ಹಳೇ ಕಬ್ಬಿಣದ್ದು, ಜಿಐ ಪೈಪು ಅನ್ನುತ್ತಾರೆ. ಅಮ್ಮ ಒಂದು ಬಕೆಟ್ ತುಂಬಲು ಇಟ್ಟು, ಹೋಗಿ ತರಕಾರಿ ಹೆಚ್ಚಿಕೊಂಡು ಬರುತ್ತಿದ್ದರು. ನಾನು ಅಂಗಡಿಗೆ ಹೋಗಿ, ತಲೆ ಮೇಲೆ ಮಳೆ ಸುರಿದ ಹಾಗೆ ನೀರು ಬೀಳುವ ಶವರ್ ಮತ್ತು ಬಿಸಿನೀರು, ತಣ್ಣೀರು ಬೆರೆಸಿ ಬಿಡುವ ಒಂದು ವಾಲ್ ಮಿಕ್ಸರ್ ತಂದೆ.

ಸಂಜೆ ಪ್ಲಂಬರ್ ಬಂದು ಹಳೇ ನಲ್ಲಿಗೆ ಪೈಪ್ ರೆಂಚ್ ಹಾಕಿ ತಿರುಗಿಸಿದರು. ನಲ್ಲಿ ಬಿಚ್ಚಿಕೊಳ್ಳಲಿಲ್ಲ. ಗೋಡೆಯೊಳಗೆ ಟಕ್ ಅಂತ ಸದ್ದಾಯಿತು. ಒಳಗೆ ಪೈಪು ತಿರುಗುವಲ್ಲಿದ್ದ ಎಲ್ಬೋ ಸೀಳಿ, ಟೈಲ್ಸ್ ಸಂದಿಯಿಂದ ನೀರು ಇಳಿಯತೊಡಗಿತು. ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚೋಣ ಅಂತ ಮೇಲೆ ಓಡಿದರೆ, ಅದರ ಚಕ್ರ ತುಕ್ಕು ಹಿಡಿದು ಕೂತುಬಿಟ್ಟಿತ್ತು. ಕೊನೆಗೆ ಟ್ಯಾಂಕಿನೊಳಗೆ ಭುಜದ ತನಕ ಕೈ ಬಿಟ್ಟು, ಔಟ್‌ಲೆಟ್ ಬಾಯಿಗೆ ಹಳೇ ಪಂಚೆ ತುರುಕಿದೆ. "ಸಾರ್, ನಾ ಮೊದ್ಲೇ ಹೇಳಿದ್ದೆ ಅಲ್ವಾ" ಅಂದರು ಪ್ಲಂಬರ್. ಹೇಳಿರಲಿಲ್ಲ.

ಮಾರನೇ ದಿನ ಗೋಡೆ ಒಡೆದು ತೆಗೆದ ಒಂದು ತುಂಡು ಈಗಲೂ ನನ್ನ ಹತ್ತಿರ ಇದೆ. ಅರ್ಧ ಇಂಚಿನ ಪೈಪು. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ. ಒಳಗೆ ಮಾತ್ರ ಸುತ್ತಲೂ ಕಂದು ಬಣ್ಣದ ಗಂಟುಗಂಟು ತುಕ್ಕು. ನಡುವೆ ಉಳಿದಿದ್ದ ತೂತಿಗೆ ಪೆನ್ಸಿಲ್ ಬಿಗಿಯಾಗಿ ಹೋಗುತ್ತದೆ. ಜಿಐ ಅಂದರೆ ಕಬ್ಬಿಣದ ಮೇಲೆ ಸತುವಿನ ಲೇಪ. ಲೇಪ ಸವೆದ ಮೇಲೆ ಕಬ್ಬಿಣ ತುಕ್ಕಾಗುತ್ತದೆ, ತುಕ್ಕು ಉಬ್ಬಿಕೊಂಡು ದಾರಿ ಕಟ್ಟುತ್ತದೆ. ಬೋರ್‌ವೆಲ್ ನೀರಾದರೆ ಅದರ ಮೇಲೆ ಸುಣ್ಣವೂ ಕೂರುತ್ತದೆ. ತೂತಿನ ಅಗಲ ಅರ್ಧಕ್ಕೆ ಇಳಿದರೆ ನೀರು ಹೋಗುವ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ. ತುದಿಯಲ್ಲಿ ಎಂಥ ನಲ್ಲಿ ಹಾಕಿದರೇನು?

ಆದರೂ ಸುತ್ತಿಗೆ ಎತ್ತುವ ಮುಂಚೆ ಒಂದೆರಡು ಸಣ್ಣ ಕೆಲಸ ಮಾಡಿ ನೋಡಿ. ಒಂದೇ ನಲ್ಲಿಯಲ್ಲಿ ಮಾತ್ರ ನೀರು ಕಮ್ಮಿ ಇದ್ದರೆ ಅದರ ಬಾಯಿಯ ಜಾಲರಿ ಬಿಚ್ಚಿ ತೊಳೆಯಿರಿ. ಎಷ್ಟೋ ಸಲ ಕಸ ಅಲ್ಲೇ ಸಿಕ್ಕಿಕೊಂಡಿರುತ್ತದೆ. ತಣ್ಣೀರು ಚೆನ್ನಾಗಿ ಬಂದು ಬಿಸಿನೀರು ಮಾತ್ರ ಸಣ್ಣಗಿದ್ದರೆ ಗೀಸರ್ ಕಡೆಯ, ನೀರು ನಿಲ್ಲಿಸಲು ಇರುವ ಆ್ಯಂಗಲ್ ಕಾಕ್, ಕನೆಕ್ಷನ್ ಪೈಪು ನೋಡಿಸಿ. ಎಲ್ಲ ನಲ್ಲಿಯಲ್ಲೂ ಕಮ್ಮಿ, ಜೊತೆಗೆ ಕೆಂಪು ನೀರು ಅಂದರೆ ಪೈಪಿನದೇ ಕಥೆ. ಆಗ ಪ್ರೆಶರ್ ಪಂಪ್ ಹಾಕಿ ಅಂತ ಯಾರಾದರೂ ಹೇಳಬಹುದು. ತುಕ್ಕು ಹಿಡಿದ ಲೈನಿಗೆ ಅದನ್ನು ಜೋಡಿಸಬೇಡಿ. ಅರೆಜೀವ ಆಗಿರುವ ಜಾಯಿಂಟ್ ಗೋಡೆಯೊಳಗೇ ಬಾಯಿ ಬಿಡುತ್ತದೆ.

ಇನ್ನೊಂದು ವಿಷಯ, ಶವರ್ ಕೊಳ್ಳುವಾಗ ಅಂಗಡಿಯವರು ಹೇಳುವುದಿಲ್ಲ. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು 1 ಬಾರ್. ಒಂದೇ ಅಂತಸ್ತಿನ ಮನೆಯಲ್ಲಿ ಶವರ್‌ನಿಂದ ಟ್ಯಾಂಕಿನ ನೀರಿಗೆ ಎರಡು ಮೀಟರ್ ಇದ್ದರೆ ಸಿಗುವುದು 0.2 ಬಾರ್ ಅಷ್ಟೇ. ಆ ದೊಡ್ಡ ಶವರ್‌ಗೆ ಎಷ್ಟು ಬೇಕು ಅಂತ ಡಬ್ಬದ ಮೇಲೆ ಬರೆದಿರುತ್ತದೆ, ಓದಿ. ನಾನು ಓದಿರಲಿಲ್ಲ. ನಮ್ಮದು ಈಗ ಅಟ್ಟದ ಮೇಲಿದೆ. ಅಮ್ಮ ಎಂದಿನಂತೆ ಬಕೆಟ್ ಮತ್ತು ಚೊಂಬು.

ಹೊಸ ಪೈಪು ಯಾವುದು? ಗೋಡೆಯೊಳಗೆ ಬಿಸಿ, ತಣ್ಣಗೆ ಎರಡಕ್ಕೂ ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪು ಹಾಕಿಸಿ. ಕೆನೆ ಬಣ್ಣದ್ದು, ಬಿಸಿನೀರಿಗೆಂದೇ ಮಾಡಿದ್ದು. ಬಿಳಿ ಯುಪಿವಿಸಿ ಸ್ವಲ್ಪ ಅಗ್ಗ, ಆದರೆ ತಣ್ಣೀರಿಗೆ ಮಾತ್ರ. ಬಿಸಿನೀರು ಹರಿದರೆ ಮೆತ್ತಗಾಗುತ್ತದೆ. ಪೈಪು, ಫಿಟ್ಟಿಂಗ್, ಅಂಟಿಸುವ ಸೊಲ್ಯೂಷನ್ ಮೂರೂ ಒಂದೇ ಕಂಪನಿಯದಿರಲಿ. ನಲ್ಲಿ ಕೂರುವ ಕಡೆಯೆಲ್ಲ ಹಿತ್ತಾಳೆ ಮರೆ (ನಲ್ಲಿ ತಿರುಗಿಸಿ ಕೂರಿಸುವ ತಿರುಪು) ಇರುವ ಎಲ್ಬೋ ಹಾಕಿಸಿ. ಪ್ಲಾಸ್ಟಿಕ್ ಮರೆಯ ಎಲ್ಬೋ ನಾಲ್ಕು ಕಾಸು ಕಮ್ಮಿ, ಆದರೆ ಮುಂದೆ ನಲ್ಲಿ ಬದಲಾಯಿಸುವಾಗ ಮರೆ ಕಿತ್ತು ಬರುತ್ತದೆ. ಆಮೇಲೆ ಮತ್ತೆ ಟೈಲ್ಸ್ ಒಡೆಯಬೇಕು.

ಅರ್ಧ ಕೆಲಸ ಮಾತ್ರ ಬೇಡವೇ ಬೇಡ. "ಬಚ್ಚಲಿನೊಳಗಿಂದು ಬದಲಾಯ್ಸೋಣ, ಟ್ಯಾಂಕಿಂದ ಬರೋ ಲೈನ್ ಇರ್ಲಿ ಬಿಡಿ" ಅನ್ನುತ್ತಾರೆ. ಆ ಹಳೇ ಲೈನಿನ ತುಕ್ಕಿನ ಚೂರು ನಿಮ್ಮ ಹೊಸ ಮಿಕ್ಸರ್‌ಗೆ ಬಂದು ಸಿಕ್ಕಿಕೊಳ್ಳುತ್ತದೆ. ಟ್ಯಾಂಕಿನ ಬಾಯಿಂದಲೇ ಶುರುಮಾಡಿ. ಮೇಲಿಂದ ದಪ್ಪ ಪೈಪು ಬಂದು, ಕೊನೇ ಎರಡಡಿ ಮಾತ್ರ ಅರ್ಧ ಇಂಚಿಗೆ ಇಳಿಯಲಿ. ನಮ್ಮದು ಟ್ಯಾಂಕಿನಿಂದ ಒಂದೂಕಾಲು ಇಂಚು, ಬಚ್ಚಲಿನ ತನಕ ಒಂದು ಇಂಚು, ಒಳಗೆ ಮುಕ್ಕಾಲು. ಔಟ್‌ಲೆಟ್ ಪಕ್ಕದಲ್ಲಿ ಒಂದು ಏರ್ ಪೈಪು ಟ್ಯಾಂಕಿನ ನೀರಿಗಿಂತ ಎತ್ತರಕ್ಕೆ ನಿಲ್ಲಿಸಿ, ಇಲ್ಲದಿದ್ದರೆ ಟ್ಯಾಂಕ್ ಖಾಲಿಯಾಗಿ ತುಂಬಿದಾಗಲೆಲ್ಲ ಗಾಳಿ ಕಟ್ಟಿಕೊಂಡು ನೀರು ನಿಂತುಬಿಡುತ್ತದೆ. ಬಚ್ಚಲಿಗೆಂದೇ ಬೇರೆ ಬಾಲ್ ವಾಲ್ವ್ ಇರಲಿ. ಪಂಚೆ ಕಥೆ ಹೇಳಿದೆನಲ್ಲ.

ಹಳೇ ಮನೆಯಲ್ಲಿ ಸಾಮಾನ್ಯವಾಗಿ ಪಿಲ್ಲರ್ ಇರುವುದಿಲ್ಲ, ತಾರಸಿಯ ಭಾರವೆಲ್ಲ ಇಟ್ಟಿಗೆ ಗೋಡೆ ಮೇಲೆ. ಹಾಗಾಗಿ ಕೊರೆಯುವವರ ಕೈ ಬಿಗಿ ಇರಲಿ. ಮೇಲಿಂದ ಕೆಳಗೆ ಕೊರೆದರೆ ಗೋಡೆಯ ದಪ್ಪದ ಮೂರನೇ ಒಂದು ಭಾಗ, ಅಡ್ಡ ಕೊರೆದರೆ ಆರನೇ ಒಂದು ಭಾಗ ದಾಟಬಾರದು. ಒಂಬತ್ತು ಇಂಚಿನ ಗೋಡೆಗೆ ಅಡ್ಡ ಒಂದೂವರೆ ಇಂಚು ಅಂದಹಾಗಾಯಿತು. ನಾವು ಅಡ್ಡ ಕೊರೆಯಲೇ ಇಲ್ಲ. ಲೈನನ್ನು ಹಿತ್ತಲ ಕಡೆ ಗೋಡೆಯ ಹೊರಗೆ ಎಳೆದು, ನಲ್ಲಿ ಇರುವಲ್ಲಿ ಮಾತ್ರ ತೂತು ಹೊಡೆದು ಒಳಗೆ ತಂದೆವು. ನೋಡಲು ಚೆಂದ ಇಲ್ಲ. ಸೋರಿದರೆ ಮಾತ್ರ ಕಣ್ಣಿಗೆ ಕಾಣುತ್ತದೆ. ಬಿಸಿಲು ಬೀಳುವ ಕಡೆ ಪೈಪಿಗೆ ಪೇಂಟ್ ಹೊಡೆಸಿ.

ಈಗ ಹೇಳುವುದನ್ನು ದಯವಿಟ್ಟು ಮರೆಯಬೇಡಿ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಎಲೆಕ್ಟ್ರಿಷಿಯನ್‌ಗಳು ಅರ್ಥಿಂಗ್ ವೈರನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತಿ ಕೈ ತೊಳೆದುಕೊಂಡಿರುತ್ತಾರೆ. ಆ ಪೈಪು ಮಣ್ಣಿನೊಳಗೆ ಹೋಗುತ್ತಿತ್ತು, ಹೇಗೋ ನಡೆಯುತ್ತಿತ್ತು. ನೀವು ಪ್ಲಾಸ್ಟಿಕ್ ಪೈಪು ಹಾಕಿದ ದಿನ ಆ ಅರ್ಥಿಂಗ್ ಸದ್ದಿಲ್ಲದೆ ಹೋಗಿಬಿಡುತ್ತದೆ. ಗೀಸರ್ ಎಂದಿನಂತೆ ಬಿಸಿನೀರು ಕೊಡುತ್ತಲೇ ಇರುತ್ತದೆ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಒಳಗಿನ ಕಾಯಿಲ್ ಕೆಟ್ಟ ದಿನ ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದವರಿಗೆ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಗೋಡೆ ಒಡೆದಾಗ ಪೈಪಿಗೆ ಸುತ್ತಿದ್ದ ತಾಮ್ರದ ತಂತಿ ಕಂಡಿದ್ದರಿಂದ ಬಚಾವಾದೆವು. ಪ್ಲಂಬಿಂಗ್ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಅಳೆಸಿ. ಬೇಕಿದ್ದರೆ ಹೊಸ ಗುಂಡಿ ತೋಡಿಸಿ. ಕರೆಂಟ್ ಸೋರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್, ಅಂದರೆ 30 ಮಿಲಿಆ್ಯಂಪ್‌ನ ಆರ್‌ಸಿಸಿಬಿ ಹಾಕಿಸಿ. ಅದಾಗುವ ತನಕ ಗೀಸರ್ ಸ್ವಿಚ್ ಮುಟ್ಟಬೇಡಿ.

ನೀರು ಬರುವ ಪೈಪಿನ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಹೋಗುವ ಪೈಪು ಯಾರಿಗೂ ಬೇಡ. ನೆಲ ಅಗೆದಾಗಲೇ ನೆಲದ ನೀರು ಇಳಿದುಹೋಗುವ ಹಳೇ ನಹಾನಿ ಟ್ರ್ಯಾಪ್ ತೆಗೆಸಿ ಹೊಸದು ಕೂರಿಸಿ. ಅದರಲ್ಲಿ ಎರಡು ಇಂಚು ನೀರು ಸದಾ ನಿಂತಿರಬೇಕು. ವಾಸನೆ, ಜಿರಲೆ ತಡೆಯುವುದು ಆ ನೀರೇ. ಪೈಪಿನ ವಾಟ ಅಡಿಗೆ ಕಾಲು ಇಂಚು ಇರಲಿ. ಹಳೇ ಟೈಲ್ಸ್ ಮೇಲೇ ಹೊಸದು ಅಂಟಿಸಿದರೆ ನೆಲ ಏರಿ, ನೀರು ರೂಮಿಗೆ ನುಗ್ಗುತ್ತದೆ. ಕಮೋಡ್ ಬದಲಾಯಿಸುವುದಿದ್ದರೆ, ಗೋಡೆಯಿಂದ ತೂತಿನ ನಡುವಿಗೆ ಎಷ್ಟು ಇಂಚು ಅಂತ ಅಳೆದುಕೊಂಡೇ ಅಂಗಡಿಗೆ ಹೋಗಿ.

ಟೈಲ್ಸ್ ಅವರನ್ನು ಅವಸರವಾಗಿ ಕರೆಸಬೇಡಿ. ಸೊಲ್ಯೂಷನ್ ಒಂದು ದಿನ ಒಣಗಲಿ. ಆಮೇಲೆ ಎಲ್ಲ ಬಾಯಿಗೂ ಪ್ಲಗ್ ಹಾಕಿ, ಕೈಪಂಪಿನಿಂದ ಒತ್ತಡ ಕೊಟ್ಟು, ಗೇಜಿನ ಮುಳ್ಳಿನ ಫೋಟೋ ತೆಗೆದು ಮಲಗಿ. ಬೆಳಿಗ್ಗೆಗೆ ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ನಮ್ಮಲ್ಲಿ ಇಳಿದಿತ್ತು. ಒಂದು ಟೀ (T ಆಕಾರದ) ಜಾಯಿಂಟಿಗೆ ಸೊಲ್ಯೂಷನ್ ಹಚ್ಚುವುದನ್ನೇ ಮರೆತು ಸುಮ್ನೆ ಸಿಕ್ಕಿಸಿದ್ದರು. ಗೋಡೆ ಮುಚ್ಚುವ ಮುಂಚೆ ಪೈಪಿನ ಪಕ್ಕ ಟೇಪ್ ಹಿಡಿದು ಪ್ರತಿ ಗೋಡೆಯ ಫೋಟೋನೂ ತೆಗೆಯಿರಿ. ಮುಂದೆ ಟವಲ್ ರಾಡಿಗೆ ಡ್ರಿಲ್ ಹಾಕುವಾಗ ಬೇಕಾಗುತ್ತದೆ. ನೆಲಕ್ಕೆ ವಾಟರ್‌ಪ್ರೂಫಿಂಗ್ ಮಾಡಿಸಿದ ಮೇಲೂ ಒಂದು ದಿನ ಪೂರ್ತಿ ನೀರು ಕಟ್ಟಿ ನೋಡಿ.

ಖರ್ಚು ಊರಿಂದ ಊರಿಗೆ ಬೇರೆ. ನಮ್ಮ ಬಿಲ್ಲಿನಲ್ಲಿ ಪೈಪು, ಫಿಟ್ಟಿಂಗ್‌ದು ತೀರಾ ಚಿಕ್ಕ ಪಾಲು. ಟೈಲ್ಸ್, ಗಾರೆ ಕೆಲಸದ ಕೂಲಿ, ನಲ್ಲಿಗಳು ಇವೇ ಜಾಸ್ತಿ. ದುಡ್ಡು ಉಳಿಸಬೇಕಂದರೆ ನಲ್ಲಿಯಲ್ಲಿ ಉಳಿಸಿ. ಅದನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು.

ಒಂದೇ ಬಚ್ಚಲಿನ ಮನೆಯಾದರೆ, ಒಡೆಯುವ ಹಿಂದಿನ ದಿನವೇ ಟ್ಯಾಂಕಿನಿಂದ ಹಿತ್ತಲಿಗೆ ಒಂದು ತಾತ್ಕಾಲಿಕ ನಲ್ಲಿ ಎಳೆಸಿಕೊಳ್ಳಿ. ನಾವು ಎಳೆಸಿರಲಿಲ್ಲ. "ನಾಲ್ಕೇ ದಿನ ಸಾರ್" ಅಂದಿದ್ದರು. ಹನ್ನೊಂದು ದಿನ ಪಕ್ಕದ ಮನೆಯಿಂದ ಕೊಡದಲ್ಲಿ ನೀರು ಹೊತ್ತಿದ್ದೇನೆ.