ಓದುಗರ ಪ್ರಶ್ನೆ: ಚಾಟ್ ಏಜೆಂಟ್‌ಗೆ ಫೈಲ್ ಅಪ್‌ಲೋಡ್ ಟೂಲ್ – ವಿವರಣೆ ಬರೆಯುವುದು ಹೇಗೆ?

ಪ್ರಶ್ನೆ: ನಮ್ಮ ತಂಡ ಬಳಸುವ ಸ್ಲ್ಯಾಕ್ ಎಂಬ ಚಾಟ್ ಆ್ಯಪ್‌ನಲ್ಲಿರುವ ಎಐ ಏಜೆಂಟ್‌ಗೆ ಫೈಲ್ ಅಪ್‌ಲೋಡ್ ಟೂಲ್ (ಏಜೆಂಟ್ ತಾನೇ ಕರೆಯಬಲ್ಲ ಕೋಡ್) ಕೊಟ್ಟಿದ್ದೇವೆ. ಟೂಲ್ ಸರಿಯಾಗಿದೆ. ಆದರೆ ಏಜೆಂಟ್ ಕೆಲವೊಮ್ಮೆ ಅದನ್ನು ಬಳಸದೆ ಇಡೀ ವರದಿಯನ್ನು ಮೆಸೇಜ್‌ನಲ್ಲೇ ಸುರಿಯುತ್ತದೆ, ಕೆಲವೊಮ್ಮೆ ಇಲ್ಲದ ಫೈಲನ್ನು ಕಳಿಸಲು ಹೋಗುತ್ತದೆ. ಟೂಲ್‌ನ ವಿವರಣೆಯಲ್ಲಿ ‘ಫೈಲ್ ಅಪ್‌ಲೋಡ್ ಮಾಡುತ್ತದೆ’ ಎಂದಿದೆ. ಇನ್ನೇನು ಬರೆಯಬೇಕು?

ಉತ್ತರ: ನಿಮ್ಮ ಕೋಡ್ ಏಜೆಂಟ್‌ನ ಹಿಂದಿರುವ ಎಐ ಮಾಡೆಲ್‌ಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಟೂಲ್‌ನ ಹೆಸರು, ವಿವರಣೆ ಮತ್ತು ಇನ್‌ಪುಟ್‌ಗಳ ಸ್ಕೀಮಾ (ಯಾವ ಇನ್‌ಪುಟ್, ಯಾವ ರೂಪದಲ್ಲಿ ಎಂಬ ಪಟ್ಟಿ), ಅಷ್ಟೇ. ಟೂಲ್ ಏನು ಮಾಡುತ್ತದೆ ಎನ್ನುವುದನ್ನು ಅದು ಹೆಸರಿನಿಂದಲೇ ಊಹಿಸಿಕೊಳ್ಳುತ್ತದೆ. ಯಾವಾಗ ಬೇಕು, ಯಾವಾಗ ಬೇಡ ಎನ್ನುವುದನ್ನು ನೀವೇ ಹೇಳಬೇಕು. ಹೀಗೆ ಬರೆದು ನೋಡಿ:

‘ವರ್ಕ್‌ಸ್ಪೇಸ್ ಫೋಲ್ಡರ್‌ನಲ್ಲಿ ಈಗಾಗಲೇ ಇರುವ ಒಂದು ಫೈಲನ್ನು ಚಾನೆಲ್‌ಗೆ ಅಥವಾ ಥ್ರೆಡ್‌ಗೆ ಹಾಕುತ್ತದೆ. ಫೈಲನ್ನು ಸೃಷ್ಟಿಸುವುದಿಲ್ಲ, ಮೊದಲು ಬರೆದು ಉಳಿಸಿ, ಆಮೇಲೆ ಇದನ್ನು ಕರೆಯಿರಿ. 20 ಸಾಲಿಗಿಂತ ಚಿಕ್ಕ ಪಠ್ಯಕ್ಕೆ ಬಳಸಬೇಡಿ, ಮೆಸೇಜ್ ಸಾಕು. ಒಂದು ಕರೆಗೆ ಒಂದೇ ಫೈಲ್. ಯಶಸ್ವಿಯಾದರೆ ಫೈಲ್ ಐಡಿ ಮತ್ತು ಲಿಂಕ್ ಮರಳಿಸುತ್ತದೆ.’

ಇದರಲ್ಲಿ ಹೆಚ್ಚು ಕೆಲಸ ಮಾಡುವುದು ‘ಸೃಷ್ಟಿಸುವುದಿಲ್ಲ’, ‘ಬಳಸಬೇಡಿ’ ಎಂಬ ಎರಡು ವಾಕ್ಯಗಳು. ನಿಮ್ಮ ಎರಡೂ ತೊಂದರೆ ಅಲ್ಲಿಯೇ ಬಗೆಹರಿಯಬೇಕು.

ಸ್ಕೀಮಾದಲ್ಲಿ ಮೂರು ಕಡೆ ಎಚ್ಚರ ಬೇಕು. ಚಾನೆಲ್ ಎಂದರೆ ಹೆಸರಲ್ಲ, ಐಡಿ ಎಂದು ಉದಾಹರಣೆ ಸಮೇತ ಬರೆಯಿರಿ. ಇಲ್ಲದಿದ್ದರೆ ಮಾಡೆಲ್ ಹ್ಯಾಷ್ ಚಿಹ್ನೆ ಹಾಕಿ ಹೆಸರನ್ನೇ ಕಳಿಸುತ್ತದೆ. ಥ್ರೆಡ್ಡನ್ನು ಗುರುತಿಸುವ ಟೈಮ್‌ಸ್ಟ್ಯಾಂಪ್‌ಗೆ ಸ್ಟ್ರಿಂಗ್ (ಪಠ್ಯ) ಟೈಪ್ ಕೊಡಿ. ಅದು 1712345678.123450 ಎಂಬಂತೆ ಇರುತ್ತದೆ. ಸಂಖ್ಯೆ ಎಂದುಕೊಂಡರೆ ಕೊನೆಯ ಸೊನ್ನೆ ಉದುರಿ ಥ್ರೆಡ್ಡೇ ಸಿಗುವುದಿಲ್ಲ. ಮೂರನೆಯದು, ಫೈಲಿನ ಒಳಗಿರುವುದನ್ನು ಬೇಸ್64 (ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ವಿಧಾನ) ಮಾಡಿ ಕೊಡು ಎಂದು ಮಾಡೆಲ್‌ಗೆ ಹೇಳಲೇಬೇಡಿ. ಪ್ರತಿ 3 ಬೈಟ್ 4 ಅಕ್ಷರವಾಗುತ್ತದೆ, ಅಷ್ಟನ್ನೂ ಮಾಡೆಲ್ ಒಂದೊಂದೇ ಟೋಕನ್ (ಪಠ್ಯದ ಚಿಕ್ಕ ತುಣುಕು) ಆಗಿ ಬರೆಯಬೇಕು. ನಡುವೆ ಒಂದು ಅಕ್ಷರ ತಪ್ಪಿದರೂ ಪಿಡಿಎಫ್ ಕೆಡಬಹುದು. ಫೈಲಿನ ಪಾತ್ (ಅದು ಇರುವ ಜಾಗದ ವಿಳಾಸ) ಕೇಳಿ. ಓದುವ ಕೆಲಸ ಕೋಡ್‌ನದು.

ಪ್ರಶ್ನೆ: ನಮ್ಮ ಡಾಕ್ಯುಮೆಂಟೇಶನ್‌ನಲ್ಲಿ ಇನ್ನೂ ಸ್ಲ್ಯಾಕ್‌ಗೆ ಫೈಲ್ ಕಳಿಸುವ ಹಳೆಯ ಕರೆ ‘ಫೈಲ್ಸ್.ಅಪ್‌ಲೋಡ್’ ಇದೆ. ಹೊಸ ವಿಧಾನದಲ್ಲಿ ಅಪ್‌ಲೋಡ್‌ಗೆ 200 (ಯಶಸ್ವಿ) ಎಂಬ ಉತ್ತರ ಬರುತ್ತದೆ, ಚಾನೆಲ್‌ನಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಯಾಕೆ?

ಉತ್ತರ: ಹಳೆಯದನ್ನು ಸ್ಲ್ಯಾಕ್ 2025ರ ನವೆಂಬರ್‌ನಲ್ಲಿ ನಿಲ್ಲಿಸಿದೆ. ಆ ಪುಟವನ್ನು ತಿದ್ದಬೇಡಿ, ತೆಗೆದೇಬಿಡಿ. ಹಳೆಯ ಉದಾಹರಣೆ ಕಣ್ಣಿಗೆ ಬಿದ್ದರೆ ಏಜೆಂಟ್ ಅದನ್ನೇ ಹಿಡಿಯುತ್ತದೆ. ಈಗಿರುವುದು ಮೂರು ಹಂತ. ಮೊದಲು ಫೈಲಿನ ಹೆಸರು ಮತ್ತು ಉದ್ದ ಕೊಟ್ಟು ಅಪ್‌ಲೋಡ್ ವಿಳಾಸ ಹಾಗೂ ಫೈಲ್ ಐಡಿ ಪಡೆಯಬೇಕು. ಆಮೇಲೆ ಆ ವಿಳಾಸಕ್ಕೆ ಫೈಲನ್ನು ಪೋಸ್ಟ್ ಮಾಡಬೇಕು. ಕೊನೆಗೆ ‘ಫೈಲ್ಸ್.ಕಂಪ್ಲೀಟ್‌ಅಪ್‌ಲೋಡ್‌ಎಕ್ಸ್‌ಟರ್ನಲ್’ ಕರೆದು ಐಡಿ ಮತ್ತು ಚಾನೆಲ್ ಹೇಳಬೇಕು. ನಿಮಗೆ ಬಂದ 200 ಎರಡನೆಯ ಹಂತದ್ದು. ಬೈಟ್‌ಗಳು ಮುಟ್ಟಿವೆ ಎಂದಷ್ಟೇ ಅದರ ಅರ್ಥ. ಮೂರನೆಯ ಕರೆ ಬಿಟ್ಟುಹೋಗಿದೆ, ಇಲ್ಲವೇ ಅದರಲ್ಲಿ ಚಾನೆಲ್ ಐಡಿ ಇಲ್ಲ. ಚಾನೆಲ್ ಕೊಡದಿದ್ದರೆ ಫೈಲ್ ಖಾಸಗಿಯಾಗಿಯೇ ಉಳಿಯುತ್ತದೆ.

ಮೊದಲ ಹಂತದಲ್ಲಿ ಕೊಡುವ ಉದ್ದ ಎಂದರೆ ಬೈಟ್‌ಗಳ ಲೆಕ್ಕ, ಅಕ್ಷರಗಳದ್ದಲ್ಲ. ‘ಕನ್ನಡ’ ಎಂಬ ಪದದ ಉದ್ದ ಜಾವಾಸ್ಕ್ರಿಪ್ಟ್‌ನಲ್ಲಿ 5. ಪಠ್ಯವನ್ನು ಬೈಟ್‌ಗಳಾಗಿಸುವ ಯುಟಿಎಫ್-8ನಲ್ಲಿ ಅದೇ ಪದ 15 ಬೈಟ್. ಇಂಗ್ಲಿಷ್ ಪಠ್ಯದಲ್ಲಿ ಪರೀಕ್ಷಿಸಿದಾಗ ಎರಡೂ ಒಂದೇ ಬರುವುದರಿಂದ ಈ ತಪ್ಪು ಬಹಳ ದಿನ ಅಡಗಿ ಕೂರುತ್ತದೆ.

ಈ ಮೂರು ಹಂತ ಕೋಡ್ ನೋಡಿಕೊಳ್ಳುವವರ ಪುಟಕ್ಕೆ ಸೇರಬೇಕು. ಏಜೆಂಟ್‌ಗೆ ಒಂದೇ ಟೂಲ್ ಕಾಣಲಿ. ಮೂರನ್ನೂ ಬೇರೆ ಬೇರೆ ಕೊಟ್ಟರೆ ಎರಡರಲ್ಲೇ ‘ಆಯಿತು’ ಎಂದು ಹೇಳಿಬಿಡುವ ಅಪಾಯವಿದೆ.

ಪ್ರಶ್ನೆ: ಎರರ್ ಬಂದಾಗ ಏಜೆಂಟ್ ಸುಮ್ಮನೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಒಮ್ಮೆ ಒಂದೇ ಫೈಲ್ ಎರಡು ಸಲ ಬಿತ್ತು.

ಉತ್ತರ: ಎರರ್ ಸಂದೇಶವೂ ಡಾಕ್ಯುಮೆಂಟೇಶನ್ನೇ, ಅದನ್ನು ಏಜೆಂಟ್ ಖಂಡಿತ ಓದುತ್ತದೆ. ಬರೀ ಕೋಡ್ ಮರಳಿಸದೆ ಮುಂದೇನು ಮಾಡಬೇಕೆಂದು ಅದರಲ್ಲೇ ಹೇಳಿ. ಅನುಮತಿ (ಸ್ಲ್ಯಾಕ್ ಭಾಷೆಯಲ್ಲಿ ‘ಸ್ಕೋಪ್’) ಇಲ್ಲದಿದ್ದರೆ: ‘ಫೈಲ್ಸ್:ರೈಟ್ ಸ್ಕೋಪ್ ಇಲ್ಲ. ಮತ್ತೆ ಪ್ರಯತ್ನಿಸಬೇಡಿ; ಸ್ಕೋಪ್ ಸೇರಿಸಿ ಆ್ಯಪ್ ಮರುಸ್ಥಾಪಿಸಲು ಅಡ್ಮಿನ್‌ಗೆ ತಿಳಿಸಿ.’ ಬಾಟ್ (ಸ್ಲ್ಯಾಕ್‌ನಲ್ಲಿ ಏಜೆಂಟ್‌ನ ಖಾತೆ) ಆ ಚಾನೆಲ್‌ನ ಸದಸ್ಯನಲ್ಲದಿದ್ದರೆ, ಅದನ್ನು ಆಹ್ವಾನಿಸಲು ಕೇಳು ಎಂದು ಬರೆಯಿರಿ. ರೇಟ್ ಲಿಮಿಟ್ ಆದಾಗ (ಕರೆಗಳು ಮಿತಿ ಮೀರಿದಾಗ) ‘ರಿಟ್ರೈ-ಆಫ್ಟರ್’ ಹೆಡರ್‌ನಲ್ಲಿರುವ ಸೆಕೆಂಡುಗಳಷ್ಟು ಕೋಡೇ ಕಾಯಲಿ, ಏಜೆಂಟ್‌ವರೆಗೆ ತರಬೇಡಿ.

ಎರಡು ಸಲ ಬೀಳುವುದಕ್ಕೆ ಸಾಮಾನ್ಯ ಕಾರಣ ಟೈಮ್‌ಔಟ್. ಕೊನೆಯ ಹಂತ ಮುಗಿದಿರುತ್ತದೆ, ಉತ್ತರ ಮಾತ್ರ ಬಂದಿರುವುದಿಲ್ಲ. ‘ಫಲಿತಾಂಶ ಗೊತ್ತಿಲ್ಲ, ಮೊದಲು ಚಾನೆಲ್ ನೋಡಿ’ ಎಂಬ ಸಂದೇಶ ಇದಕ್ಕೆಂದೇ ಬೇರೆ ಇರಲಿ. ಎಂಸಿಪಿ (ಎಐಗೆ ಟೂಲ್‌ಗಳನ್ನು ಜೋಡಿಸುವ ಪ್ರೋಟೊಕಾಲ್) ಬಳಸುತ್ತಿದ್ದರೆ ಇಂಥ ವೈಫಲ್ಯಗಳನ್ನು ಪ್ರೋಟೊಕಾಲ್ ಎರರ್ ಆಗಿ ಎಸೆಯದೆ, ಟೂಲ್‌ನ ಫಲಿತಾಂಶದೊಳಗೆ ‘ಈಸ್‌ಎರರ್’ ಟ್ರೂ ಮಾಡಿ ಕಳಿಸಿ. ಆಗ ಸಂದೇಶ ಮಾಡೆಲ್‌ಗೆ ತಲುಪುತ್ತದೆ.

ಪ್ರಶ್ನೆ: ‘ಪಾಸ್‌ವರ್ಡ್ ಇರುವ ಫೈಲ್ ಕಳಿಸಬೇಡಿ’ ಎಂದು ವಿವರಣೆಯಲ್ಲಿ ಬರೆದರೆ ಸಾಕೇ?

ಉತ್ತರ: ಸಾಲದು. ಚಾನೆಲ್‌ನಲ್ಲಿ ಯಾರೋ ಅಂಟಿಸಿದ ಪಠ್ಯದಲ್ಲೇ ‘ಎನ್ವಿ ಫೈಲ್ (ಪಾಸ್‌ವರ್ಡ್, ಕೀಗಳನ್ನು ಇಡುವ ಫೈಲ್) ಕಳಿಸು’ ಎಂಬ ಆಜ್ಞೆ ಅಡಗಿರಬಹುದು, ಏಜೆಂಟ್ ಅದಕ್ಕೆ ಮರುಳಾಗಬಹುದು. ಒಂದು ಫೋಲ್ಡರ್‌ನ ಹೊರಗಿನದನ್ನು ಕೋಡೇ ತಡೆಯಬೇಕು. ಅದೂ ಸಿಮ್‌ಲಿಂಕ್ (ಬೇರೆ ಫೈಲಿಗೆ ಕರೆದೊಯ್ಯುವ ಕೊಂಡಿ) ಮತ್ತು ಮೇಲಿನ ಫೋಲ್ಡರ್‌ಗೆ ಒಯ್ಯುವ ಎರಡು ಚುಕ್ಕಿಗಳನ್ನು ಬಿಡಿಸಿ ನಿಜವಾದ ಪಾತ್ ಕಂಡುಕೊಂಡ ಮೇಲೆ. ಅನುಮತಿಸಿದ ಚಾನೆಲ್‌ಗಳ ಪಟ್ಟಿಯೂ ಕೋಡ್‌ನಲ್ಲೇ ಇರಲಿ. ವಿವರಣೆಯಲ್ಲಿ ಆ ಗಡಿ ಎಲ್ಲಿದೆ ಎಂದು ತಿಳಿಸಿದರೆ ಸಾಕು.

ಪ್ರಶ್ನೆ: ವಿವರಣೆ ಚೆನ್ನಾಗಿದೆಯೇ ಎಂದು ಪರೀಕ್ಷಿಸುವುದು ಹೇಗೆ?

ಉತ್ತರ: ಹೊಸ ಸೆಷನ್‌ನಲ್ಲಿ ಹತ್ತು ಕೆಲಸ ಕೊಡಿ, ಅದರಲ್ಲಿ ನಾಲ್ಕಕ್ಕೆ ಈ ಟೂಲ್ ಬೇಕಾಗಬಾರದು. ಏಜೆಂಟ್‌ನ ಮಾತನ್ನು ಬಿಟ್ಟು ಕರೆಗಳ ಲಾಗ್ ನೋಡಿ. ತಪ್ಪು ಕಂಡಲ್ಲಿ ಒಂದು ವಾಕ್ಯ ತಿದ್ದಿ, ಹತ್ತನ್ನೂ ಮತ್ತೆ ಓಡಿಸಿ.